ಖಾನಾಪುರದ ಮನೆಯಿಂದ ಉದ್ಯಮಬಾಗದ ಆಫೀಸ್ ಕಂಪ್ಯೂಟರಿಗೆ: ವಿಪಿಎನ್ ಹಾಕಿಕೊಳ್ಳುವ ಪೂರ್ತಿ ದಾರಿ

2019ರ ಆಗಸ್ಟ್ ಮಳೆಯನ್ನು ಬೆಳಗಾವಿ ಕಡೆಯವರು ಯಾರೂ ಮರೆತಿಲ್ಲ. ನನ್ನ ಮನೆ ಖಾನಾಪುರದಲ್ಲಿ, ಕೆಲಸ ಉದ್ಯಮಬಾಗದ ಒಂದು ಚಿಕ್ಕ ಫೌಂಡ್ರಿಯಲ್ಲಿ. ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಜೊತೆಗೆ ಅಲ್ಲಿನ ಏಳು ಕಂಪ್ಯೂಟರುಗಳ ಜವಾಬ್ದಾರಿಯೂ ನನ್ನದೇ. ಆ ವಾರ ಆಫೀಸಿಗೆ ಹೋಗಲು ಆಗಲೇ ಇಲ್ಲ. 11ನೇ ತಾರೀಖಿಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ತುಂಬಬೇಕು. ಜಿಎಸ್‌ಟಿ ಪೋರ್ಟಲ್ ಮನೆಯಲ್ಲೂ ತೆರೆಯುತ್ತದೆ, ಆದರೆ ಬಿಲ್ಲುಗಳೆಲ್ಲ ಇರುವುದು ಆಫೀಸಿನ ಕಂಪ್ಯೂಟರಿನ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ. ಮಾಲಕರು ಫೋನ್ ಮಾಡಿದರು: "ಏನ್ರೀ, ಮನ್ಯಾಗ ಕುಂತು ಟ್ಯಾಲಿ ತಗೀಲಿಕ್ಕೆ ಬರೂದಿಲ್ಲೇನು?"

ಆಫೀಸಿನ ಹತ್ತಿರವೇ ಇದ್ದ ಪರಿಚಯದವರೊಬ್ಬರು ಹೋಗಿ ರೂಟರಿನಲ್ಲಿ ಏನೋ ಬದಲಿಸಿ, "ಈ ನಂಬರ್ ಹೊಡೀರಿ, ಬರ್ತದ" ಅಂದರು. ಬಂತು. ಆಫೀಸಿನ ಪರದೆ ನನ್ನ ಲ್ಯಾಪ್‌ಟಾಪಿನಲ್ಲಿ ಮೂಡಿತು. ರಿಟರ್ನ್ ತುಂಬಿ ಮುಗಿಸಿದೆ, ಖುಷಿಯಾಯಿತು.

ನೀರು ಇಳಿದ ಮೇಲೆ ಆಫೀಸಿಗೆ ಹೋದೆ. ಕಂಪ್ಯೂಟರ್ ಯಾಕೋ ನಿಧಾನ ಅನ್ನಿಸಿ, ಅದರಲ್ಲಿ ನಡೆದದ್ದನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಸೆಕ್ಯೂರಿಟಿ ಪಟ್ಟಿಯಲ್ಲಿ 4625 ಎಂಬ ಸಂಖ್ಯೆ ಸಾಲು ಸಾಲಾಗಿ ನಿಂತಿತ್ತು. ಯಾರೋ ಲಾಗಿನ್ ಆಗಲು ನೋಡಿ ಸೋತರೆ ವಿಂಡೋಸ್ ಬರೆದಿಡುವ ಸಂಖ್ಯೆ ಅದು. ಅಡ್ಮಿನ್, ಟೆಸ್ಟ್, ಯೂಸರ್, ಬ್ಯಾಕಪ್ ಎಂದು ಒಂದೊಂದೇ ಹೆಸರು ಹಾಕಿ ನೋಡಿದ್ದರು. ರಾತ್ರಿ ಎರಡಕ್ಕೂ ನಡೆದಿತ್ತು, ಬೆಳಗಿನ ಐದಕ್ಕೂ ನಡೆದಿತ್ತು. ನನಗೆ ಕೈಕಾಲು ತಣ್ಣಗಾಯಿತು. ಆ ಪರಿಚಯದವರು ಮಾಡಿದ್ದೇನೆಂದರೆ, ರಿಮೋಟ್ ಡೆಸ್ಕ್‌ಟಾಪಿನ (ಕಂಪ್ಯೂಟರಿನ ಪರದೆಯನ್ನು ದೂರದಿಂದ ತೆರೆಯುವ ವಿಂಡೋಸ್ ಸೌಲಭ್ಯ) 3389ನೇ ಪೋರ್ಟನ್ನು, ಅಂದರೆ ಅದರ ಪ್ರವೇಶದ್ವಾರವನ್ನು, ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದರು. ನಮ್ಮದು ಆಗ ವಿಂಡೋಸ್ 7. ಅದೇ ವರ್ಷ ಮೇ ತಿಂಗಳಲ್ಲಿ ರಿಮೋಟ್ ಡೆಸ್ಕ್‌ಟಾಪಿನ ಬ್ಲೂಕೀಪ್ ಎಂಬ ದೋಷಕ್ಕೆ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತ್ತು. ಪಾಸ್‌ವರ್ಡೇ ಇಲ್ಲದೆ ಒಳಗೆ ಬರಬಹುದಾದಂಥ ದೋಷ. ಎಷ್ಟು ದೊಡ್ಡದೆಂದರೆ, ಬೆಂಬಲ ನಿಲ್ಲಿಸಿ ವರ್ಷಗಳೇ ಆಗಿದ್ದ ಎಕ್ಸ್‌ಪಿಗೂ ಅವರು ತಿದ್ದುಪಡಿ ಬಿಟ್ಟಿದ್ದರು. ನಮ್ಮ ಕಂಪ್ಯೂಟರಿಗೆ ಅದನ್ನು ಹಾಕಿರಲಿಲ್ಲ.

ಆ ಪೋರ್ಟನ್ನು ಅವತ್ತೇ ಮುಚ್ಚಿದೆ. ಆಮೇಲೆ ವಿಪಿಎನ್ ಎಂಬ ಸರಿಯಾದ ದಾರಿ ಹಾಕಿದೆ. ನಿಮ್ಮ ಆಫೀಸಿಗೂ ಹಾಕಿಕೊಳ್ಳಲು ಬೇಕಾದ್ದೆಲ್ಲ ಇಲ್ಲಿ ಬರೆದಿದ್ದೇನೆ. ನಾಲ್ಕರಿಂದ ಹತ್ತು ಕಂಪ್ಯೂಟರ್ ಇರುವ ಚಿಕ್ಕ ಆಫೀಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸರ್ವರ್ ಕೋಣೆ, ಐಟಿ ವಿಭಾಗ ಎಲ್ಲ ಇರುವ ಕಂಪನಿಗಲ್ಲ.

ಊರಿನ ಅಗಸಿ, ಮನೆಯ ಬಾಗಿಲು

ನಮ್ಮ ಕಡೆ ಹಳೆಯ ಊರುಗಳಿಗೆ ಅಗಸಿ ಇರುತ್ತದೆ. ಊರೊಳಗೆ ಬರಬೇಕಾದರೆ ಮೊದಲು ಅಗಸಿ ದಾಟಬೇಕು. ದಾಟಿದ ಮೇಲೂ ಪ್ರತಿ ಮನೆಗೆ ಅದರದೇ ಬಾಗಿಲು, ಅದರದೇ ಚಿಲಕ. ವಿಪಿಎನ್ ಅಂದರೆ ಆಫೀಸ್ ನೆಟ್‌ವರ್ಕಿನ ಅಗಸಿ. ರಿಮೋಟ್ ಡೆಸ್ಕ್‌ಟಾಪ್ ಅಂದರೆ ಒಂದು ಕಂಪ್ಯೂಟರಿನ ಬಾಗಿಲು. ಆ ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಅಗಸಿಯೇ ಇಲ್ಲದೆ ಹೆದ್ದಾರಿಗೆ ತೆರೆದುಕೊಂಡಿತ್ತು, ಅಷ್ಟೇ.

ವಿಪಿಎನ್ ಹಾಕಿದ ಮೇಲೆ ನಿಮ್ಮ ಲ್ಯಾಪ್‌ಟಾಪ್ ಮನೆಯಲ್ಲೇ ಇದ್ದರೂ ಆಫೀಸಿನ ನೆಟ್‌ವರ್ಕಿಗೆ ಸೇರಿದಂತೆ ನಡೆದುಕೊಳ್ಳುತ್ತದೆ. ಮಧ್ಯದಲ್ಲಿ ಹೋಗುವ ಮಾಹಿತಿಯೆಲ್ಲ ಗೂಢಲಿಪಿಯಲ್ಲಿ ಹೋಗುತ್ತದೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ "ವಿಪಿಎನ್" ಆ್ಯಪ್‌ಗಳು ಬೇರೆ. ಅವು ನಿಮ್ಮನ್ನು ಯಾವುದೋ ಕಂಪನಿಯ ಸರ್ವರಿಗೆ ಸೇರಿಸುತ್ತವೆ, ನಿಮ್ಮ ಆಫೀಸಿಗಲ್ಲ. ಈ ಕೆಲಸಕ್ಕೆ ಅವು ಬೇಡವೇ ಬೇಡ.

"ವಿಪಿಎನ್ ಹಾಕಿದ್ರ ಸರ್ಕಾರದ ತಕರಾರು ಬರ್ತದಂತಲ್ಲ?" ಎಂದು ಮಾಲಕರು ಕೇಳಿದ್ದರು. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಸೇವೆ ಮಾರುವವರು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಎಂಬ ಮಾತು ಅದರಲ್ಲಿತ್ತು. ಆಫೀಸುಗಳು ತಮ್ಮ ನೌಕರರಿಗಾಗಿ ಇಟ್ಟುಕೊಳ್ಳುವ ವಿಪಿಎನ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು. ಹಾಗಾಗಿ ಆ ಹೆದರಿಕೆ ಬಿಡಿ. ಆದರೆ ಮಾಲಕರ ಒಪ್ಪಿಗೆ ಇಲ್ಲದೆ ಮಾತ್ರ ಕೈ ಹಾಕಬೇಡಿ. ಲೆಕ್ಕ ಅವರದು, ಡೇಟಾ ಅವರದು.

ಮೊದಲು ನಿಮ್ಮ ಇಂಟರ್ನೆಟ್ ಎಂಥದ್ದು ನೋಡಿ

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸಾಮಾನು ತಂದು, ಎಲ್ಲ ಸೆಟ್ಟಿಂಗ್ ಮಾಡಿ, ಕೊನೆಗೆ ಇದು ಆಗುವುದಿಲ್ಲ ಎಂದು ಗೊತ್ತಾಗುತ್ತದೆ. ಅದಕ್ಕೇ ಇದನ್ನು ಮೊದಲು ಮಾಡಿ, ಐದು ನಿಮಿಷದ ಕೆಲಸ.

ಆಫೀಸಿನಲ್ಲಿ ಕುಳಿತು ಬ್ರೌಸರಿನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆಯಿರಿ. ಅಲ್ಲಿ ವ್ಯಾನ್ ಐಪಿ ಎಂದು, ಹೊರಗಿನ ಕಡೆಗೆ ರೂಟರಿಗೆ ಸಿಕ್ಕ ವಿಳಾಸದ ಸಂಖ್ಯೆ ಇರುತ್ತದೆ. ಬರೆದುಕೊಳ್ಳಿ. ಆಮೇಲೆ ಅದೇ ಆಫೀಸ್ ಕಂಪ್ಯೂಟರಿನಲ್ಲಿ ಗೂಗಲ್‌ಗೆ ಹೋಗಿ ನನ್ನ ಐಪಿ ಯಾವುದು ಎಂದು ಹುಡುಕಿ, ಹೊರಗಿನವರಿಗೆ ಕಾಣುವ ಸಂಖ್ಯೆ ತೋರಿಸುವ ತಾಣಗಳು ಸಿಗುತ್ತವೆ. ಎರಡೂ ಒಂದೇ ಆಗಿದ್ದರೆ ನಿಮಗೆ ಪಬ್ಲಿಕ್ ಐಪಿ (ಹೊರಗಿನಿಂದ ನೇರವಾಗಿ ತಲುಪಬಹುದಾದ ವಿಳಾಸ) ಇದೆ, ಮುಂದೆ ಹೋಗಿ.

ಬೇರೆ ಬೇರೆ ಇದ್ದರೆ ರೂಟರಿನ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಕಂಪನಿಯವರು ಹಲವು ಗ್ರಾಹಕರನ್ನು ಒಂದೇ ಪಬ್ಲಿಕ್ ಸಂಖ್ಯೆಯ ಹಿಂದೆ ಕೂರಿಸಿದ್ದಾರೆ ಎಂದರ್ಥ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಹೊರಗಿನಿಂದ ನಿಮ್ಮ ಅಗಸಿಗೆ ದಾರಿಯೇ ಇರುವುದಿಲ್ಲ. 192.168ರಿಂದ ಶುರುವಾಗುತ್ತಿದ್ದರೆ, ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯೇ ಇನ್ನೊಂದು ರೂಟರ್ ಆಗಿ ಕೆಲಸ ಮಾಡುತ್ತಿರಬಹುದು. ಆಗ ಅದನ್ನು ಬ್ರಿಡ್ಜ್ ಮೋಡಿಗೆ (ರೂಟರ್ ಕೆಲಸ ಬಿಟ್ಟು ಬರೀ ದಾಟಿಸುವ ಪೆಟ್ಟಿಗೆಯಾಗಿ) ಹಾಕಿಕೊಡಿ ಎಂದು ಲೈನ್‌ಮನ್‌ಗೆ ಹೇಳಿ.

ಸಿಜಿನ್ಯಾಟ್ ಇದ್ದರೆ ಎರಡು ದಾರಿ ಇವೆ. ಒಂದು, ಇಂಟರ್ನೆಟ್ ಕಂಪನಿಗೆ ಅರ್ಜಿ ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳುವುದು. ಅದಕ್ಕೆ ಬೇರೆ ದುಡ್ಡು ಕೊಡಬೇಕು, ಆದರೆ ಒಮ್ಮೆ ಸಿಕ್ಕರೆ ಸಂಖ್ಯೆ ಬದಲಾಗುವುದಿಲ್ಲ. ನಾವು ಮಾಡಿದ್ದು ಇದನ್ನೇ. ಇನ್ನೊಂದು, ಟೇಲ್‌ಸ್ಕೇಲ್‌ನಂಥ ಸೇವೆ. ಅದರಲ್ಲಿ ಆಫೀಸ್ ಕಂಪ್ಯೂಟರೂ ನಿಮ್ಮ ಲ್ಯಾಪ್‌ಟಾಪೂ ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಸೇರುತ್ತವೆ, ಪಬ್ಲಿಕ್ ಐಪಿ ಬೇಡ. ಒಂದಿಬ್ಬರಿಗೆ ಅದು ಚೆನ್ನಾಗಿಯೇ ಇದೆ. ಪಬ್ಲಿಕ್ ಐಪಿ ಇದ್ದು ಅದು ಆಗಾಗ ಬದಲಾಗುತ್ತಿದ್ದರೆ ಮಾತ್ರ ರೂಟರಿನಲ್ಲಿ ಡೈನಮಿಕ್ ಡಿಎನ್‌ಎಸ್ ಹಾಕಿ. ಸಂಖ್ಯೆಯ ಬದಲು ಒಂದು ಹೆಸರು ಸಿಗುತ್ತದೆ.

ವೇಗದ ಬಗ್ಗೆ ಒಂದು ಮಾತು. ಪರದೆ ಹೊರಡುವುದು ಆಫೀಸಿನಿಂದ, ಬರುವುದು ಮನೆಗೆ. ಹಾಗಾಗಿ ಆಫೀಸಿನ ಅಪ್‌ಲೋಡ್ ವೇಗ ಮುಖ್ಯ, ಡೌನ್‌ಲೋಡ್ ಅಲ್ಲ.

ಏನೇನು ಬೇಕು

ವಿಪಿಎನ್ ಸರ್ವರ್ ಸೌಲಭ್ಯ ಇರುವ ರೂಟರ್ ಬೇಕು. ಕೊಳ್ಳುವ ಮೊದಲು ಅದರಲ್ಲಿ ವೈರ್‌ಗಾರ್ಡ್ ಎಂಬ ಬಗೆಯ ವಿಪಿಎನ್ ಇದೆಯೇ ಎಂದು ಕೇಳಿ. ವಿಪಿಎನ್ "ಪಾಸ್‌ಥ್ರೂ" ಎಂದಷ್ಟೇ ಬರೆದಿದ್ದರೆ ಅದು ಬೇರೆ ವಿಪಿಎನ್ ಹಾದುಹೋಗಲು ಬಿಡುತ್ತದೆ ಅಷ್ಟೇ, ನಮಗೆ ಉಪಯೋಗವಿಲ್ಲ. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್ಲಿನೊಳಗೇ ಸೇರಿತು. ಚಿಕ್ಕದು, ವೇಗ ಜಾಸ್ತಿ, ಸೆಟ್ಟಿಂಗ್ ಕಡಿಮೆ. ಅದು ಸಿಗದಿದ್ದರೆ ಓಪನ್‌ವಿಪಿಎನ್ ಆಗುತ್ತದೆ. ಹಳೆಯ ರೂಟರುಗಳಲ್ಲಿ ಪಿಪಿಟಿಪಿ ಎಂದು ಇನ್ನೊಂದು ಇರುತ್ತದೆ. ಅದನ್ನು ಮುಟ್ಟಬೇಡಿ, ಅದರ ಬೀಗ ಮುರಿದು ಎಷ್ಟೋ ವರ್ಷ ಆಯಿತು.

ಆಫೀಸಿನ ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್ ಆವೃತ್ತಿ ಇದ್ದರೆ ಅದರೊಳಗೆ ಹೊರಗಿನಿಂದ ಬರಲು ಆಗುವುದಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ಹೋಮ್ ಇದ್ದರೂ ನಡೆಯುತ್ತದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ, ಆದ್ದರಿಂದ ವಿಂಡೋಸ್ 11 ಇದ್ದರೆ ಒಳ್ಳೆಯದು. ನಮ್ಮ 2019ರ ಕಥೆ ನೆನಪಿದೆ ಅಲ್ವಾ?

ಇನ್ನು ಯುಪಿಎಸ್. ಕಂಪ್ಯೂಟರಿಗೆ ಮಾತ್ರ ಹಾಕಿ ರೂಟರನ್ನೂ ಓಎನ್‌ಟಿಯನ್ನೂ ಮರೆಯುವವರೇ ಹೆಚ್ಚು. ಮೂರಕ್ಕೂ ಹಾಕಿ.

ಆಫೀಸಿನ ಒಳಸಂಖ್ಯೆ ಬದಲಿಸಿ

ಇದನ್ನು ಬಿಟ್ಟರೂ ನಡೆಯುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಬಿಡಬೇಡಿ. ಯಾಕೆಂದು ಹೇಳುತ್ತೇನೆ.

ಹೆಚ್ಚಿನ ರೂಟರುಗಳು ಅಂಗಡಿಯಿಂದ ಬರುವಾಗಲೇ ತಮ್ಮ ಒಳಗಿನ ನೆಟ್‌ವರ್ಕಿಗೆ 192.168.0 ಅಥವಾ 192.168.1 ಎಂಬ ಸಾಲನ್ನು ಇಟ್ಟುಕೊಂಡಿರುತ್ತವೆ. ಆಫೀಸಿನಲ್ಲೂ ಅದೇ, ನಿಮ್ಮ ಮನೆಯಲ್ಲೂ ಅದೇ. ಈಗ ಖಾನಾಪುರದಲ್ಲಿ ಕುಳಿತು 192.168.1.20 ಎಂದು ಹೊಡೆದರೆ ಲ್ಯಾಪ್‌ಟಾಪ್ ಏನು ಮಾಡುತ್ತದೆ? ಇದು ನನ್ನ ಮನೆಯ ಸಾಲಿನದೇ ಸಂಖ್ಯೆ ಎಂದುಕೊಂಡು ಮನೆಯೊಳಗೇ ಹುಡುಕುತ್ತದೆ. ವಿಪಿಎನ್ ಸರಿಯಾಗಿ ಹತ್ತಿದ್ದರೂ ಕಂಪ್ಯೂಟರ್ ಸಿಗುವುದಿಲ್ಲ. ನಾನು ಮೊದಲ ಸಲ ಎರಡು ಸಂಜೆ ಇದರಲ್ಲೇ ಕಳೆದೆ. ಮೊಬೈಲ್ ಹಾಟ್‌ಸ್ಪಾಟಿನಿಂದ ಬರುತ್ತಿತ್ತು, ಮನೆಯ ವೈಫೈನಿಂದ ಬರುತ್ತಿರಲಿಲ್ಲ.

ಆಫೀಸಿಗೆ ಯಾರೂ ಸಾಮಾನ್ಯವಾಗಿ ಬಳಸದ ಒಂದು ಸಾಲು ಕೊಡಿ. ಈ ಬರಹದಲ್ಲಿ 192.168.57 ಎಂದು ಇಟ್ಟುಕೊಳ್ಳುತ್ತೇನೆ. ರೂಟರಿನ ಲ್ಯಾನ್ (ಒಳಗಿನ ನೆಟ್‌ವರ್ಕ್) ಸೆಟ್ಟಿಂಗಿನಲ್ಲಿ ಅದರ ಸಂಖ್ಯೆಯನ್ನು 192.168.57.1 ಮಾಡಿ. ರಜೆಯ ದಿನ ಮಾಡಿ. ಕಂಪ್ಯೂಟರುಗಳು ಹೊಸ ಸಂಖ್ಯೆಯನ್ನು ತಾವೇ ತೆಗೆದುಕೊಳ್ಳುತ್ತವೆ. ಆದರೆ ಪ್ರಿಂಟರ್, ಹಾಜರಿ ಹಾಕುವ ಬೆರಳಚ್ಚಿನ ಯಂತ್ರ, ಸಿಸಿಟಿವಿ ಪೆಟ್ಟಿಗೆ ಇವಕ್ಕೆ ಯಾರೋ ಹಿಂದೆ ಕೈಯಿಂದ ಸಂಖ್ಯೆ ಕೊಟ್ಟಿರುತ್ತಾರೆ. ಒಂದೊಂದನ್ನೂ ಬದಲಿಸಬೇಕು. ಮರುದಿನ ಬೆಳಿಗ್ಗೆ ಹಾಜರಿ ಯಂತ್ರ ಕೈಕೊಟ್ಟರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಹಾಗೇ ರೂಟರಿನ ಪುಟದಲ್ಲೇ ಡಿಎಚ್‌ಸಿಪಿ ರಿಸರ್ವೇಶನ್ ಎಂಬಲ್ಲಿ ಹೋಗಿ ಟ್ಯಾಲಿ ಇರುವ ಕಂಪ್ಯೂಟರಿಗೆ 192.168.57.20 ಎಂದು ಕಾಯಂ ಮಾಡಿ. ಪಟ್ಟಿಯಲ್ಲಿ ಆ ಕಂಪ್ಯೂಟರಿನ ಹೆಸರು ಕಾಣುತ್ತದೆ, ಆರಿಸಿದರೆ ಆಯಿತು.

ಆಫೀಸಿನ ಕಂಪ್ಯೂಟರನ್ನು ತಯಾರು ಮಾಡುವುದು

ಮೊದಲು ಟ್ಯಾಲಿ ಬ್ಯಾಕಪ್ ತೆಗೆದು ಪೆನ್‌ಡ್ರೈವಿಗೆ ಹಾಕಿ. ಆಮೇಲೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒಳಗೆ ರಿಮೋಟ್ ಡೆಸ್ಕ್‌ಟಾಪ್ ಎಂಬುದನ್ನು ಆನ್ ಮಾಡಿ. ಅಲ್ಲೇ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಎಂಬ ಟಿಕ್ ಇರುತ್ತದೆ, ಅದನ್ನು ತೆಗೆಯಬೇಡಿ. ಅದು ಇದ್ದರೆ ಗುರುತು ಹೇಳಿದ ಮೇಲೆ ಮಾತ್ರ ಪರದೆ ಬರುತ್ತದೆ.

ಹೊರಗಿನಿಂದ ಬರಲು ಒಂದು ಬೇರೆ ಖಾತೆ ಮಾಡಿ. ಅಡ್ಮಿನಿಸ್ಟ್ರೇಟರ್ ಬೇಡ, ಸಾಮಾನ್ಯ ಖಾತೆ ಸಾಕು. ರಿಮೋಟ್ ಡೆಸ್ಕ್‌ಟಾಪ್ ಬಳಸಬಹುದಾದವರ ಪಟ್ಟಿಗೆ ಅದನ್ನು ಸೇರಿಸಿ. ಆ ಖಾತೆಗೆ ಪಾಸ್‌ವರ್ಡ್ ಇರಲೇಬೇಕು, ಖಾಲಿ ಪಾಸ್‌ವರ್ಡ್ ಇದ್ದರೆ ವಿಂಡೋಸ್ ಹೊರಗಿನಿಂದ ಬಿಡುವುದಿಲ್ಲ. ದಿನಾ ನಾಲ್ಕಂಕಿಯ ಪಿನ್ ಹೊಡೆದು ರೂಢಿಯಾದವರು ಇಲ್ಲಿ ತಪ್ಪುತ್ತಾರೆ. ಪಿನ್ ಆ ಕಂಪ್ಯೂಟರಿನ ಎದುರು ಕುಳಿತವರಿಗೆ ಮಾತ್ರ. ದೂರದಿಂದ ಬರುವವರು ಪೂರ್ತಿ ಪಾಸ್‌ವರ್ಡ್ ಹೊಡೆಯಬೇಕು.

ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ಎಂಬುದನ್ನು ನೆವರ್ ಮಾಡಿ. ಪರದೆ ಆರಿದರೆ ತೊಂದರೆ ಇಲ್ಲ, ಕಂಪ್ಯೂಟರ್ ಮಲಗಬಾರದು. ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಒಳಗೆ ಕರೆಂಟ್ ಬಂದ ಮೇಲೆ ತಾನೇ ಚಾಲೂ ಆಗಲಿ ಎಂಬ ಆಯ್ಕೆ ಇರುತ್ತದೆ, ಅದನ್ನೂ ಹಾಕಿ. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕೊನೆಗೆ ಫೈರ್‌ವಾಲ್, ಅಂದರೆ ಯಾರನ್ನು ಒಳಗೆ ಬಿಡಬೇಕೆಂದು ನೋಡುವ ವಿಂಡೋಸಿನ ಕಾವಲು. ರಿಮೋಟ್ ಡೆಸ್ಕ್‌ಟಾಪಿನ ನಿಯಮಗಳನ್ನು ತೆರೆದು ಸ್ಕೋಪ್ ಎಂಬಲ್ಲಿ ಎರಡೇ ಸಾಲುಗಳಿಗೆ ಅನುಮತಿ ಕೊಡಿ: 192.168.57.0/24 ಮತ್ತು ವಿಪಿಎನ್‌ಗೆ ಕೊಡಲಿರುವ 10.57.0.0/24. ಇಲ್ಲಿ /24 ಅಂದರೆ ಆ ಸಾಲಿನ ಎಲ್ಲ ಸಂಖ್ಯೆಗಳೂ. ಮುಂದೆ ಯಾವತ್ತೋ ಯಾರೋ ರೂಟರಿನಲ್ಲಿ ಪೋರ್ಟ್ ತೆರೆದರೂ ಈ ಕಂಪ್ಯೂಟರ್ ಹೊರಗಿನವರಿಗೆ ಬಾಗಿಲು ತೆಗೆಯುವುದಿಲ್ಲ.

ರೂಟರಿನಲ್ಲಿ ಅಗಸಿ ಕಟ್ಟುವುದು

ರೂಟರಿನ ಪುಟದಲ್ಲಿ ಮೊದಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದದ್ದನ್ನು ಒಳಗಿನ ಕಂಪ್ಯೂಟರಿಗೆ ತಿರುಗಿಸುವ ಪಟ್ಟಿ) ನೋಡಿ. 3389 ಇದ್ದರೆ ಅಳಿಸಿ. ಕೆಲವರು 3389ರ ಬದಲು ಬೇರೆ ಸಂಖ್ಯೆ ಕೊಟ್ಟು ಅಡಗಿಸಿದೆ ಅಂದುಕೊಂಡಿರುತ್ತಾರೆ. ಹುಡುಕುವವರು ಎಲ್ಲ ಸಂಖ್ಯೆಗಳನ್ನೂ ತಟ್ಟುತ್ತಾರೆ. ಅದನ್ನೂ ಅಳಿಸಿ. ರೂಟರನ್ನು ಹೊರಗಿನಿಂದ ನಿರ್ವಹಿಸುವ ಸೌಲಭ್ಯ ಆನ್ ಇದ್ದರೆ ಆಫ್ ಮಾಡಿ. ಅದರ ಪಾಸ್‌ವರ್ಡ್ ಇನ್ನೂ ಡಬ್ಬಿಯ ಮೇಲೆ ಬರೆದದ್ದೇ ಇದ್ದರೆ ಬದಲಿಸಿ, ರೂಟರಿನ ಒಳಗಿನ ತಂತ್ರಾಂಶ (ಫರ್ಮ್‌ವೇರ್) ಹೊಸದು ಬಂದಿದ್ದರೆ ಹಾಕಿ.

ಈಗ ವಿಪಿಎನ್ ಸರ್ವರ್ ಭಾಗಕ್ಕೆ ಹೋಗಿ ವೈರ್‌ಗಾರ್ಡ್ ಆನ್ ಮಾಡಿ. ಟನಲ್ ವಿಳಾಸ, ಅಂದರೆ ವಿಪಿಎನ್ ಒಳಗೆ ರೂಟರಿನ ಸಂಖ್ಯೆ, 10.57.0.1/24 ಎಂದು ಕೊಡಿ. ಪೋರ್ಟ್ 51820 ಇರಲಿ, ಅದು ಯುಡಿಪಿ ಬಗೆಯದು (ಇನ್ನೊಂದು ಬಗೆ ಟಿಸಿಪಿ). ಓಎನ್‌ಟಿ ಬ್ರಿಡ್ಜ್ ಆಗಿಲ್ಲದಿದ್ದರೆ ಅದರಲ್ಲೂ ಈ ಒಂದು ಪೋರ್ಟನ್ನು ನಿಮ್ಮ ರೂಟರಿನ ಕಡೆ ತಿರುಗಿಸಬೇಕು.

ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಖಾತೆ ಮಾಡಿ. ಒಬ್ಬರ ಬಳಿ ಲ್ಯಾಪ್‌ಟಾಪೂ ಮೊಬೈಲೂ ಇದ್ದರೆ ಎರಡು ಖಾತೆ. ಪ್ರತಿ ಖಾತೆಗೆ ಗುರುತಿನ ಒಂದು ಕೀ ಇರುತ್ತದೆ, ಒಂದೇ ಕೀಯನ್ನು ಎಲ್ಲರಿಗೂ ಹಂಚಬೇಡಿ. ಎರಡು ಯಂತ್ರಗಳು ಒಂದೇ ಕೀ ಹಿಡಿದು ಒಟ್ಟಿಗೆ ಬಂದರೆ ಒಂದರ ದಾರಿಯನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಯಾರಾದರೂ ಕೆಲಸ ಬಿಟ್ಟರೆ ಎಲ್ಲರ ಕೀ ಬದಲಿಸಬೇಕಾಗುತ್ತದೆ. ಬೇರೆ ಬೇರೆ ಇದ್ದರೆ ಅವರದೊಂದನ್ನು ಅಳಿಸಿದರೆ ಮುಗಿಯಿತು.

ಖಾತೆ ಮಾಡುವಾಗ ಅಲೋಡ್ ಐಪೀಸ್ ಎಂಬ ಜಾಗ ಬರುತ್ತದೆ. ಯಾವ ವಿಳಾಸಗಳಿಗೆ ಹೋಗುವ ಮಾಹಿತಿ ವಿಪಿಎನ್ ಒಳಗಿಂದ ಹೋಗಬೇಕು ಎಂದು ಲ್ಯಾಪ್‌ಟಾಪಿಗೆ ಹೇಳುವ ಜಾಗ ಅದು. ಅಲ್ಲಿ 0.0.0.0/0 ಎಂದಿದ್ದರೆ ನೀವು ಮನೆಯಲ್ಲಿ ನೋಡುವ ವಿಡಿಯೊ ಕೂಡ ಆಫೀಸನ್ನು ಸುತ್ತಿ ಬರುತ್ತದೆ. ಅದರ ಬದಲು 192.168.57.0/24, 10.57.0.0/24 ಎಂದು ಎರಡನ್ನೇ ಬರೆಯಿರಿ. ಪರ್ಸಿಸ್ಟೆಂಟ್ ಕೀಪ್‌ಅಲೈವ್ ಎಂಬಲ್ಲಿ 25 ಇರಲಿ. 25 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಸಂದೇಶ ಹೋಗಿ ದಾರಿ ತೆರೆದೇ ಇರುತ್ತದೆ.

ಉಳಿಸಿದ ಮೇಲೆ ಒಂದು ಕಡತ ಸಿಗುತ್ತದೆ. ಮೊಬೈಲಿಗಾದರೆ ಕ್ಯೂಆರ್ ಚಿತ್ರ. ಆ ಕಡತದೊಳಗೆ ಪ್ರೈವೇಟ್ ಕೀ ಇದೆ, ಅಂದರೆ ಅಗಸಿಯ ಕೀಲಿಕೈ. ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ, ಮೇಲ್ ಮಾಡಬೇಡಿ. ಪೆನ್‌ಡ್ರೈವಿನಲ್ಲಿ ಕೊಟ್ಟು, ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ಪೆನ್‌ಡ್ರೈವಿನಿಂದ ಅಳಿಸಿ. ಯಾವ ಕೀ ಯಾರಿಗೆ, ಯಾವ ತಾರೀಖಿಗೆ ಕೊಟ್ಟೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮಲ್ಲಿ ಅದು ಮಾಲಕರ ಕಪಾಟಿನಲ್ಲಿದೆ. ಲ್ಯಾಪ್‌ಟಾಪ್ ಕಳೆದರೆ ಮೊದಲು ನನಗೆ ಫೋನ್ ಮಾಡಿ, ಆಮೇಲೆ ಹುಡುಕಿ ಎಂದು ಎಲ್ಲರಿಗೂ ಹೇಳಿದ್ದೇನೆ. ಕೀ ಅಳಿಸಲು ಒಂದು ನಿಮಿಷ ಸಾಕು.

ಲ್ಯಾಪ್‌ಟಾಪಿನಲ್ಲಿ, ಮತ್ತು ಮೊದಲ ಪರೀಕ್ಷೆ

ಲ್ಯಾಪ್‌ಟಾಪಿಗೆ ವೈರ್‌ಗಾರ್ಡಿನ ಅಧಿಕೃತ ತಾಣದಿಂದ ಆ್ಯಪ್ ಇಳಿಸಿ. ಇಂಪೋರ್ಟ್ ಒತ್ತಿ ಆ ಕಡತ ತೋರಿಸಿ. ಆ್ಯಕ್ಟಿವೇಟ್ ಒತ್ತಿ.

ಪರೀಕ್ಷೆಯನ್ನು ಆಫೀಸಿನ ವೈಫೈನಲ್ಲಿ ಮಾಡಬೇಡಿ, ಅಲ್ಲಿ ನೀವು ಆಗಲೇ ಊರೊಳಗಿದ್ದೀರಿ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ, ಆಫೀಸಿನಲ್ಲೇ ಕುಳಿತು ಮಾಡಿ. ತಪ್ಪಿದ್ದರೆ ರೂಟರ್ ಕೈಗೆಟುಕುವಲ್ಲಿಯೇ ಇರುತ್ತದೆ. ಮನೆಗೆ ಹೋಗಿ ಪರೀಕ್ಷೆ ಮಾಡುತ್ತೇನೆ ಎಂದವರು ಮರುದಿನ ಮತ್ತೆ ಬರುತ್ತಾರೆ.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಓದಿ. ಆ್ಯಕ್ಟಿವೇಟ್ ಒತ್ತಿದ ಕೂಡಲೇ ಹಸಿರು ಗುರುತು ಬಂದು ಆ್ಯಕ್ಟಿವ್ ಎಂದು ತೋರಿಸುತ್ತದೆ. ಆಫೀಸಿನ ರೂಟರ್ ಆಫ್ ಇದ್ದರೂ ತೋರಿಸುತ್ತದೆ! ಅದರ ಅರ್ಥ ಲ್ಯಾಪ್‌ಟಾಪಿನ ಕಡೆ ಎಲ್ಲ ತಯಾರಿದೆ ಎಂದಷ್ಟೇ. ನಿಜವಾಗಿ ಸೇರಿದ್ದೀರಾ ಎಂದು ಹೇಳುವುದು ಕೆಳಗಿನ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂಬ ಸಾಲು. ಅಲ್ಲಿ ಕೆಲವು ಸೆಕೆಂಡುಗಳ ಹಿಂದೆ ಎಂದು ಬಂದರೆ ಆಫೀಸು ಕೈಕುಲುಕಿದೆ. ಆ ಸಾಲೇ ಇಲ್ಲದಿದ್ದರೆ ನೀವಿನ್ನೂ ಅಗಸಿಯ ಹೊರಗೆ. ವೈರ್‌ಗಾರ್ಡ್ ತನಗೆ ಗೊತ್ತಿಲ್ಲದ ಕೀಗೆ ಉತ್ತರವನ್ನೇ ಕೊಡುವುದಿಲ್ಲ, ತಪ್ಪಿದೆ ಎಂದೂ ಹೇಳುವುದಿಲ್ಲ. ಹೊರಗಿನಿಂದ ತಟ್ಟುವವರಿಗೆ ಅಲ್ಲಿ ಬಾಗಿಲಿದೆ ಎಂಬುದೇ ಗೊತ್ತಾಗಬಾರದು, ಅದಕ್ಕೇ ಹಾಗೆ. ನನಗೆ ಈ ಗುಣ ಬಹಳ ಇಷ್ಟ. ಆದರೆ ಹೊಸಬರಿಗೆ ಗೊಂದಲ.

ಹ್ಯಾಂಡ್‌ಶೇಕ್ ಇಲ್ಲದಿದ್ದರೆ ಹುಡುಕಬೇಕಾದ ಜಾಗಗಳು ಕಡಿಮೆ. ಕಡತದಲ್ಲಿ ಎಂಡ್‌ಪಾಯಿಂಟ್ ಎಂಬಲ್ಲಿ ಆಫೀಸಿನ ಪಬ್ಲಿಕ್ ಐಪಿ ಸರಿಯಿದೆಯೇ? ಓಎನ್‌ಟಿಯಲ್ಲಿ 51820 ತಿರುಗಿಸಿದ್ದೀರಾ, ಅದೂ ಯುಡಿಪಿ ಎಂದು? ಟಿಸಿಪಿ ಎಂದು ಹಾಕಿದ್ದರೆ ಬರುವುದಿಲ್ಲ. ಲ್ಯಾಪ್‌ಟಾಪಿನ ಗಡಿಯಾರ ಸರಿಯಿದೆಯೇ? ಒಳಗಿನ ಚಿಕ್ಕ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿದ್ದರೆ, ಇದು ಹಳೆಯ ಸಂದೇಶ ಎಂದು ಆಫೀಸಿನ ರೂಟರ್ ತಳ್ಳಿಬಿಡುತ್ತದೆ.

ಹ್ಯಾಂಡ್‌ಶೇಕ್ ಇದೆ, ಆದರೂ ಕಂಪ್ಯೂಟರ್ ಸಿಗುತ್ತಿಲ್ಲ ಅಂದರೆ ತಪ್ಪು ಅಗಸಿಯ ಒಳಗಿದೆ. ಮೊದಲು 192.168.57.1ಕ್ಕೆ ಪಿಂಗ್ ಮಾಡಿ (ಕಮಾಂಡ್ ಪ್ರಾಂಪ್ಟಿನಲ್ಲಿ ಕರೆದು ಉತ್ತರ ಬರುತ್ತದೆಯೇ ನೋಡುವುದು), ಅದು ರೂಟರ್. ಹೆಚ್ಚಾಗಿ ಉತ್ತರ ಬರುತ್ತದೆ. ಬಂದರೆ ದಾರಿ ಸರಿಯಿದೆ. ಕಂಪ್ಯೂಟರ್ ಮಲಗಿದೆ, ಇಲ್ಲವೇ ಫೈರ್‌ವಾಲ್ ತಡೆಯುತ್ತಿದೆ. ಕಂಪ್ಯೂಟರಿಗೇ ಪಿಂಗ್ ಮಾಡಿ ಉತ್ತರ ಬರಲಿಲ್ಲ ಎಂದು ಹೆದರಬೇಡಿ, ವಿಂಡೋಸ್ ಫೈರ್‌ವಾಲ್ ಎಷ್ಟೋ ಸಲ ಪಿಂಗಿಗೆ ಉತ್ತರ ಕೊಡುವುದಿಲ್ಲ. ಎಲ್ಲ ಸರಿಯಿದ್ದು ಪರದೆ ಮಾತ್ರ ಕಪ್ಪಾಗಿ ನಿಂತರೆ ಲ್ಯಾಪ್‌ಟಾಪಿನ ವೈರ್‌ಗಾರ್ಡ್ ಕಡತದಲ್ಲಿ ಎಂಟಿಯು (ಒಂದು ಸಲಕ್ಕೆ ಹೋಗುವ ಮಾಹಿತಿಯ ತುಣುಕಿನ ಗಾತ್ರ) 1280 ಎಂದು ಸೇರಿಸಿ ನೋಡಿ. ಮೊಬೈಲ್ ಡೇಟಾದಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಈಗ ಟ್ಯಾಲಿ ತೆರೆಯಿರಿ

ಲ್ಯಾಪ್‌ಟಾಪಿನ ಸ್ಟಾರ್ಟ್ ಮೆನುವಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಎಂದು ಹುಡುಕಿ. 192.168.57.20 ಎಂದು ಹೊಡೆಯಿರಿ. ಕಂಪ್ಯೂಟರಿನ ಹೆಸರು ಹೊಡೆದರೆ ವಿಪಿಎನ್ ಮೂಲಕ ಬಹಳ ಸಲ ಸಿಗುವುದಿಲ್ಲ, ಸಂಖ್ಯೆಯೇ ಒಳ್ಳೆಯದು. ಪ್ರಮಾಣಪತ್ರ ನಂಬಲೇ ಎಂದು ಒಂದು ಎಚ್ಚರಿಕೆ ಬರುತ್ತದೆ. ಆ ಪತ್ರವನ್ನು ನಿಮ್ಮ ಆಫೀಸ್ ಕಂಪ್ಯೂಟರ್ ತಾನೇ ಬರೆದುಕೊಂಡಿರುತ್ತದೆ, ಅದಕ್ಕೆ ಈ ಪ್ರಶ್ನೆ. ಅದರಲ್ಲಿರುವ ಹೆಸರು ನಿಮ್ಮ ಕಂಪ್ಯೂಟರಿನದೇ ಎಂದು ನೋಡಿ ಮುಂದೆ ಹೋಗಿ.

ಇಷ್ಟೆಲ್ಲ ಯಾಕೆ, ವಿಪಿಎನ್ ಹತ್ತಿದ ಮೇಲೆ ಟ್ಯಾಲಿಯ ಡೇಟಾ ಫೋಲ್ಡರನ್ನೇ ಶೇರ್ ಮಾಡಿ ಮನೆಯ ಟ್ಯಾಲಿಯಲ್ಲಿ ತೆರೆಯಬಹುದಲ್ವಾ ಎಂದು ಕೇಳುತ್ತಾರೆ. ಬೇಡ. ಹಾಗೆ ಮಾಡಿದರೆ ಒಂದು ವೋಚರ್ ತೆರೆಯಲು ಎಷ್ಟೋ ಚೂರು ಚೂರು ಮಾಹಿತಿ ಊರಿಂದ ಊರಿಗೆ ಓಡಾಡಬೇಕು. ಮಧ್ಯೆ ನೆಟ್ ಕಡಿದರೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಂತು ಡೇಟಾ ಕೆಡಬಹುದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಟ್ಯಾಲಿ ಓಡುವುದು ಆಫೀಸಿನಲ್ಲೇ, ನಿಮಗೆ ಬರುವುದು ಚಿತ್ರ ಮಾತ್ರ. ನೆಟ್ ಹೋದರೂ ಅಲ್ಲಿ ವೋಚರ್ ಹಾಗೇ ತೆರೆದು ಕೂತಿರುತ್ತದೆ. ಮತ್ತೆ ಸೇರಿದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಕನ್ನಡದಲ್ಲಿ ಪತ್ರ ಮಾಡುವಾಗಲೂ ಇದೇ ಅನುಕೂಲ. ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶ ಇದ್ದರೆ ಸಾಕು, ಮನೆಯಲ್ಲಿ ಹಾಕಬೇಕಿಲ್ಲ.

ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಬಗ್ಗೆ ಗೊತ್ತಿರಲಿ. ಆಫೀಸಿನ ಕಂಪ್ಯೂಟರಿಗೆ ಅದನ್ನು ಚುಚ್ಚಿಟ್ಟು ಬಂದರೆ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದು ಕಾಣುವುದಿಲ್ಲ. ವಿಂಡೋಸಿಗೆ ಈ ಟೋಕನ್ ಒಂದು ಸ್ಮಾರ್ಟ್ ಕಾರ್ಡ್ ಇದ್ದಂತೆ, ಅದನ್ನು ಹುಡುಕುವುದು ನೀವು ಕುಳಿತಿರುವ ಕಡೆ. ಸಹಿ ಹಾಕುವ ದಿನ ಟೋಕನ್ ಇಟ್ಟುಕೊಂಡವರು ಮನೆಯ ಲ್ಯಾಪ್‌ಟಾಪಿಗೇ ಹಾಕಿ, ಅಲ್ಲಿಂದಲೇ ಪೋರ್ಟಲ್ ತೆರೆಯುವುದು ಸುಲಭ. ಪ್ರೊಪ್ರೈಟರ್ ಅಥವಾ ಪಾಲುದಾರಿಕೆ ಸಂಸ್ಥೆಗಳಾದರೆ ಜಿಎಸ್‌ಟಿ ರಿಟರ್ನಿಗೆ ಓಟಿಪಿ ಸಾಕು, ಕಂಪನಿಗಳಿಗೆ ಸಹಿ ಬೇಕು.

ಕೆಲಸ ಮುಗಿದ ಮೇಲೆ ಸೈನ್ ಔಟ್ ಮಾಡಿ. ರೂಢಿಯಲ್ಲಿ ಶಟ್‌ಡೌನ್ ಒತ್ತಿದರೆ ಮುಗಿಯಿತು, ಆಫೀಸಿನಲ್ಲಿ ಯಾರಾದರೂ ಹೋಗಿ ಬಟನ್ ಒತ್ತುವವರೆಗೂ ಸುಮ್ನೆ ಕೂರಬೇಕು. ವೇಕ್ ಆನ್ ಲ್ಯಾನ್ ಎಂಬ ಸೌಲಭ್ಯದಿಂದ ದೂರದಿಂದಲೂ ಎಬ್ಬಿಸಬಹುದು. ಆದರೆ ಎಬ್ಬಿಸುವ ಆ ಸಂದೇಶ ಒಳಗಿನ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೂಗಿ ಹೇಳುವಂಥದ್ದು, ವಿಪಿಎನ್ ದಾಟಿ ಹೋಗುವುದಿಲ್ಲ. ರೂಟರಿನ ಪುಟದಲ್ಲೇ ಆ ಬಟನ್ ಇದ್ದರೆ ವಿಪಿಎನ್ ಮೂಲಕ ಪುಟ ತೆರೆದು ಒತ್ತಿ. ಅದಕ್ಕೆ ಮೊದಲೇ ಬಯೋಸಿನಲ್ಲಿ ಅದನ್ನು ಆನ್ ಮಾಡಿ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿರಬೇಕು.

ಇನ್ನೊಂದು: ವಿಂಡೋಸ್ ಪ್ರೊದಲ್ಲಿ ಒಂದು ಸಲಕ್ಕೆ ಒಬ್ಬರೇ. ನೀವು ಒಳಗೆ ಬಂದರೆ ಅಲ್ಲಿ ಕುಳಿತವರ ಪರದೆ ಲಾಕ್ ಆಗುತ್ತದೆ. ಅವರು ಡಿಸ್ಪ್ಯಾಚಿಗೆ ಇ-ವೇ ಬಿಲ್ ಮಾಡುತ್ತಿದ್ದರೆ ಲಾರಿ ಗೇಟಿನಲ್ಲಿ ನಿಲ್ಲುತ್ತದೆ. ಒಂದು ಫೋನ್ ಮಾಡಿ ಕೇಳಿಕೊಂಡು ಬನ್ನಿ.

ರಾತ್ರಿ ಸಿಗದಿದ್ದರೆ

ಹೋದ ಮಳೆಗಾಲದಲ್ಲಿ 20ನೇ ತಾರೀಖು, ಜಿಎಸ್‌ಟಿಆರ್-3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನ, ರಾತ್ರಿ ಒಂಬತ್ತಕ್ಕೆ ಹ್ಯಾಂಡ್‌ಶೇಕ್ ನಿಂತುಹೋಯಿತು. ವಾಚ್‌ಮನ್ ಕಾಕಾಗೆ ಫೋನ್ ಮಾಡಿದೆ.

"ಕಾಕಾ, ಆಫೀಸಿನ್ಯಾಗ ಗ್ವಾಡೀಗೆ ಹೊಡದ ಬಿಳಿ ಡಬ್ಬಿ ಐತೆಲ್ಲ, ಅದರ ದೀಪ ಹತ್ತ್ಯಾವೇನ್ರಿ?"

"ಹತ್ತ್ಯಾವ್ ನೋಡ್ರಿ. ಎರಡ ಹಸರ ಅದಾವು. ಒಂದ ಕೆಂಪ ಮಿಣಕ್ ಮಿಣಕ್ ಮಾಡಾಕತ್ತೈತಿ."

ಓಎನ್‌ಟಿಯಲ್ಲಿ ಲಾಸ್ (LOS) ಎಂದು ಬರೆದ ದೀಪ ಕೆಂಪಾದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತಂತಿ ಕಡಿದಿದೆ. ಆಗ ರೂಟರನ್ನು ಎಷ್ಟು ಸಲ ಆರಿಸಿ ಹಚ್ಚಿದರೂ ಪ್ರಯೋಜನವಿಲ್ಲ, ಕಂಪನಿಗೆ ದೂರು ಬರೆಸಬೇಕು. ದೀಪಗಳೆಲ್ಲ ಹಸಿರಿದ್ದೂ ಸೇರದಿದ್ದರೆ ಮಾತ್ರ ಆರಿಸಿ ಹಚ್ಚಬೇಕು. ಮೊದಲು ಓಎನ್‌ಟಿ, ಎರಡು ನಿಮಿಷ ಬಿಟ್ಟು ರೂಟರ್.

ಮರುದಿನ ಒಂದು ಹಾಳೆಯಲ್ಲಿ ಡಬ್ಬಿಯ ಚಿತ್ರ ಬರೆದೆ. ಯಾವ ದೀಪ ಎಲ್ಲಿ, ಯಾವ ಬಣ್ಣ ಬಂದರೆ ಯಾರಿಗೆ ಫೋನ್, ಯಾವುದನ್ನು ಮೊದಲು ಆರಿಸಬೇಕು, ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಡಬ್ಬಿಯ ಪಕ್ಕಕ್ಕೇ ಅಂಟಿಸಿದೆ. ಮೇಲೆ ಕನ್ನಡ, ಕೆಳಗೆ ಮರಾಠಿ. ನಮ್ಮ ಕಾಕಾ ಓದುವುದು ಮರಾಠಿ, ರಜೆಯಲ್ಲಿ ಅವರ ಬದಲಿಗೆ ಬರುವವರು ಓದುವುದು ಕನ್ನಡ. ನಿಮ್ಮ ಆಫೀಸಿನಲ್ಲಿ ರಾತ್ರಿ ಯಾರಿರುತ್ತಾರೋ ಅವರಿಗೆ ಓದಲು ಬರುವ ಭಾಷೆಯಲ್ಲಿ ಅದನ್ನು ಬರೆದು, ಅಂಟಿಸಿ, ಒಮ್ಮೆ ಅವರ ಕೈಯಿಂದಲೇ ಆರಿಸಿ ಹಚ್ಚಿಸಿ ನೋಡಿ.